ಕ್ಯಾಮೆರಾ ಸೆನ್ಸರ್‌ನ ಡೈನಾಮಿಕ್ ರೇಂಜ್‌ನಲ್ಲಿ ನಮ್ಮ ಬಳಕೆಗೆ ಬರುವುದೆಷ್ಟು ಎಂದು ಅಳೆಯುವ ಬಗೆ

ಕುಕನೂರಿನ ಹತ್ತಿರದ ಇಟಗಿಯಲ್ಲಿ, ಮಹಾದೇವ ದೇವಾಲಯದ ಅಂಗಳಕ್ಕೆ ಹನ್ನೊಂದು ಗಂಟೆಯ ಬಿಸಿಲು ಬಿದ್ದಿರುವಾಗ ಐಎಸ್‌ಒ 100ಕ್ಕೆ (ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಎಫ್ 16 (ಇದು ಲೆನ್ಸ್‌ನ ಕಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು) ಮತ್ತು ಸೆಕೆಂಡಿನ 1/100 ಇಟ್ಟರೆ ಹೊರಗಿನ ಚಿತ್ರ ಸರಿಯಾಗಿ ಬರುತ್ತದೆ. ನಿಂತಲ್ಲಿಂದಲೇ ಕ್ಯಾಮೆರಾವನ್ನು ಕಂಬಗಳ ಸಾಲಿನಾಚೆ, ಗರ್ಭಗುಡಿಯ ಬಾಗಿಲವಾಡದ ಕಡೆಗೆ ತಿರುಗಿಸಿದರೆ ಅದೇ ಐಎಸ್‌ಒಗೆ ಎಫ್ 4 ಮತ್ತು ಪೂರ್ತಿ 1 ಸೆಕೆಂಡ್ ಬೇಕಾಗುತ್ತದೆ. ಎರಡರ ನಡುವಿನ ಅಂತರ 1,600 ಪಟ್ಟು, ಬೆಳಕು ಒಮ್ಮೆ ಇಮ್ಮಡಿಯಾದರೆ ಒಂದು ಸ್ಟಾಪ್ ಎಂಬ ಲೆಕ್ಕದಲ್ಲಿ ಹತ್ತೂವರೆ ಸ್ಟಾಪ್‌ಗಿಂತ ತುಸು ಹೆಚ್ಚು. ಇದು ಎರಡೂ ಕಡೆಯ ಮಧ್ಯಮ ಬೆಳಕಿನ ಲೆಕ್ಕ ಮಾತ್ರ. ಒಳಗಿನ ಕಂಬದ ತಿರುವಿನಲ್ಲಿ ಕುಳಿತ ನೆರಳು ಇನ್ನೂ ಎರಡು ಮೂರು ಸ್ಟಾಪ್ ಕೆಳಗಿರುತ್ತದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯ ಬಳಪದ ಕಲ್ಲು ಮೊದಲೇ ಕಪ್ಪು; ಅದರ ಕೆತ್ತನೆಯ ಕುಸುರಿಯೆಲ್ಲ ಆ ನೆರಳಿನೊಳಗೇ ಇದೆ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ನನ್ನ ಕ್ಯಾಮೆರಾದ ಡೈನಾಮಿಕ್ ರೇಂಜ್, ಅಂದರೆ ಅದು ಒಂದೇ ಚಿತ್ರದಲ್ಲಿ ಹಿಡಿಯಬಲ್ಲ ಅತಿ ಬೆಳಕಿಗೂ ಅತಿ ನೆರಳಿಗೂ ನಡುವಿನ ಅಂತರ, ಹದಿನಾಲ್ಕು ಸ್ಟಾಪ್ ಎಂಬ ಮಾತನ್ನು ಕೇಳಿದ್ದೆ ಮತ್ತು ನಂಬಿದ್ದೆ. ಆದ್ದರಿಂದ ಹೊರಗಿನ ಬಿಸಿಲಿಗೆ ಎಕ್ಸ್‌ಪೋಷರ್ ಕೊಟ್ಟು, ಒಳಗಿನ ನೆರಳನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಎತ್ತಿಕೊಳ್ಳಬಹುದೆಂದುಕೊಂಡೆ. ಎತ್ತಿದಾಗ ಬಾಗಿಲವಾಡದ ಬಳ್ಳಿಯ ಜಾಗದಲ್ಲಿ ಉದ್ದುದ್ದ ಗೆರೆಗಳೂ ನೇರಳೆ ಛಾಯೆಯ ಕಾಳುಕಾಳೂ ಎದ್ದು ಬಂದವು. ಹದಿನಾಲ್ಕು ಎಂಬ ಅಂಕಿ ಸುಳ್ಳಾಗಿರಲಿಲ್ಲ. ಅದು ನನ್ನ ಪ್ರಶ್ನೆಗೆ ಕೊಟ್ಟ ಉತ್ತರವಾಗಿರಲಿಲ್ಲ, ಅಷ್ಟೆ. ನಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ನಾವೇ ಅಳೆಯಬೇಕು. ಅದಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ. ಮ್ಯಾನುವಲ್ ಮೋಡ್ ಇರುವ ಕ್ಯಾಮೆರಾ, ಒಂದು ಬಿಳಿ ಅಕ್ರಿಲಿಕ್ ಹಾಳೆ, ಒಂದು ಕಪ್ಪು ಬಟ್ಟೆ, ಕಂಪ್ಯೂಟರ್ ಮತ್ತು ಒಂದು ಬೆಳಗಿನ ಹೊತ್ತು ಸಾಕು.

ಏನನ್ನು ಅಳೆಯುತ್ತಿದ್ದೇವೆ

ಸೆನ್ಸರ್‌ನ ಒಂದೊಂದು ಪಿಕ್ಸೆಲ್ಲೂ ಬೆಳಕು ಬಿದ್ದಷ್ಟು ಎಲೆಕ್ಟ್ರಾನುಗಳನ್ನು ತುಂಬಿಕೊಳ್ಳುವ ಗುಂಡಿಯಂತಿದೆ. ಗುಂಡಿ ತುಂಬಿ ತುಳುಕುವ ಮಟ್ಟ ಮೇಲಿನ ಎಲ್ಲೆ. ಅದರಾಚೆ ಬಿದ್ದ ಬೆಳಕೆಲ್ಲ ಬರೀ ಬಿಳಿ. ಕೆಳಗಿನ ಎಲ್ಲೆಯನ್ನು ನಾಯ್ಸ್, ಅಂದರೆ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಏರುಪೇರು, ನಿರ್ಧರಿಸುತ್ತದೆ. ಇದರಲ್ಲಿ ಎರಡು ಬಗೆ ಮುಖ್ಯ. ಮೊದಲನೆಯದು ರೀಡ್ ನಾಯ್ಸ್: ಗುಂಡಿಯಲ್ಲಿ ಏನೂ ಇಲ್ಲದಿದ್ದರೂ ಅದನ್ನು ಓದುವ ವಿದ್ಯುನ್ಮಂಡಲ ಸೇರಿಸುವ ಏರುಪೇರು. ಎರಡನೆಯದು ಬೆಳಕಿನದೇ ಏರುಪೇರು. ಬೆಳಕು ಮಳೆಹನಿಯಂತೆ ಬಿಡಿಬಿಡಿಯಾಗಿ ಬೀಳುವುದರಿಂದ, ಸರಾಸರಿ 100 ಎಲೆಕ್ಟ್ರಾನು ಬೀಳುವಲ್ಲಿ 10ರಷ್ಟು, 10,000 ಬೀಳುವಲ್ಲಿ 100ರಷ್ಟು ಹೆಚ್ಚುಕಡಿಮೆಯಾಗುತ್ತದೆ. ಎಣಿಕೆಯ ವರ್ಗಮೂಲದಷ್ಟು ನಾಯ್ಸ್ ಎಂಬ ಈ ನಿಯಮವನ್ನು ಯಾವ ಕಂಪನಿಯ ಯಾವ ಸೆನ್ಸರೂ ಮೀರಲಾರದು. ಮುಂದಿನ ಇಡೀ ಅಳತೆ ಇದರ ಮೇಲೆಯೇ ನಿಂತಿದೆ.

ಗುಂಡಿಯ ಪೂರ್ಣ ತುಂಬುವಿಕೆಯನ್ನು ರೀಡ್ ನಾಯ್ಸ್‌ನಿಂದ ಭಾಗಿಸಿ, ಬಂದದ್ದು 2ರ ಎಷ್ಟನೆಯ ಘಾತವೆಂದು ನೋಡಿದರೆ ಸಿಗುವುದು ಎಂಜಿನಿಯರುಗಳ ಡೈನಾಮಿಕ್ ರೇಂಜ್. ಆದರೆ ಸಿಗ್ನಲ್ಲೂ (ಬೆಳಕಿನಿಂದ ತುಂಬಿದ ಎಲೆಕ್ಟ್ರಾನುಗಳ ಎಣಿಕೆ) ನಾಯ್ಸೂ ಸಮಸಮವಾಗಿರುವ ಆ ತಳದಲ್ಲಿ ಕಣ್ಣಿಗೆ ಕಾಣುವುದು ಉದುರಿದ ರವೆಯಂತಹ ಚುಕ್ಕೆಗಳೇ ಹೊರತು ಚಿತ್ರವಲ್ಲ. ಬಳಕೆಗೆ ಬರುವ ರೇಂಜ್ ಎನ್ನಬೇಕಾದರೆ ಸಿಗ್ನಲ್ ನಾಯ್ಸ್‌ಗಿಂತ ಎಷ್ಟು ಪಟ್ಟು ಇರಬೇಕೆಂಬ ಹೊಸ್ತಿಲನ್ನು ಮೊದಲು ಹೇಳಬೇಕು. ಕ್ಯಾಮೆರಾಗಳನ್ನು ಪರೀಕ್ಷಿಸಿ ಅಂಕಿ ಕೊಡುವ ಡಿಎಕ್ಸ್‌ಓ ಮಾರ್ಕ್‌ನವರು 1 ಪಟ್ಟನ್ನು ಹೊಸ್ತಿಲಾಗಿಟ್ಟು, ಚಿತ್ರವನ್ನು 8 ಮೆಗಾಪಿಕ್ಸೆಲ್‌ಗೆ ಇಳಿಸಿದಂತೆ ಲೆಕ್ಕ ಹಾಕುತ್ತಾರೆ. ಫೋಟಾನ್ಸ್ ಟು ಫೋಟೋಸ್ ತಾಣದ ಲೆಕ್ಕ 20 ಪಟ್ಟಿನದು. ಒಂದೇ ಕ್ಯಾಮೆರಾಕ್ಕೆ ಇಬ್ಬರ ಅಂಕಿಗಳು ಎರಡು ಮೂರು ಸ್ಟಾಪ್ ಬೇರೆಯಾಗುವುದಕ್ಕೆ ಇದೇ ಕಾರಣ. ಹೊಸ್ತಿಲು ಹೇಳದೆ ಸ್ಟಾಪ್‌ನ ಅಂಕಿ ಹೇಳುವುದು, ಸೇರು ಯಾವುದೆಂದು ತೋರಿಸದೆ ಜೋಳ ಅಳೆದ ಹಾಗೆ.

ಕ್ಯಾಮೆರಾವನ್ನು ಅಣಿಗೊಳಿಸುವುದು

ಚಿತ್ರಗಳನ್ನು ಸೆನ್ಸರ್ ಬರೆದ ಅಂಕಿಗಳನ್ನು ತಿದ್ದದೆ ಇಡುವ ರಾ ಫೈಲ್‌ಗಳಾಗಿಯೇ ತೆಗೆಯಬೇಕು. ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ನಾಯ್ಸ್ ಒರೆಸಿ, ನೆರಳು ತಿದ್ದಿ, ಬೆಳಕಿನ ಅನುಪಾತವನ್ನೇ ಬಾಗಿಸಿ ಕೊಟ್ಟಿರುವುದರಿಂದ ಅಲ್ಲಿ ಅಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಮೆನುವಿನಲ್ಲಿ ಬಿಟ್ ಆಯ್ಕೆ (ಬೆಳಕನ್ನು ಎಷ್ಟು ಸೂಕ್ಷ್ಮ ಹಂತಗಳಲ್ಲಿ ಬರೆಯಬೇಕೆಂಬುದು) ಇದ್ದರೆ 14 ಇಡಿ. ಕುಗ್ಗಿಸುವ ಆಯ್ಕೆ ಇದ್ದರೆ ಕುಗ್ಗಿಸದ ಅಥವಾ ನಷ್ಟವಿಲ್ಲದೆ ಕುಗ್ಗಿಸುವ ಬಗೆಯನ್ನು ಆರಿಸಿ. ಎಷ್ಟೋ ಕ್ಯಾಮೆರಾಗಳು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ಗೋ ಅತಿ ವೇಗದ ಸರಣಿ ಚಿತ್ರಣಕ್ಕೋ ಹೋದ ಕೂಡಲೇ 12 ಬಿಟ್‌ಗೆ ಇಳಿಯುತ್ತವೆ; ಆದ್ದರಿಂದ ಮೆಕ್ಯಾನಿಕಲ್ ಶಟರ್ ಮತ್ತು ಒಂದೊಂದೇ ಚಿತ್ರದ ಮೋಡ್ ಇರಲಿ. ದೀರ್ಘ ಎಕ್ಸ್‌ಪೋಷರ್‌ನ ನಾಯ್ಸ್ ರಿಡಕ್ಷನ್ ಆಫ್ ಮಾಡಿ. ನೆರಳು ಬೆಳಕನ್ನು ತಾನೇ ಹೊಂದಿಸುವ ಸೌಲಭ್ಯಗಳಿಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರಿದೆ. ಅವುಗಳಲ್ಲಿ ಕೆಲವು ಕೇಳದೆಯೇ ಎಕ್ಸ್‌ಪೋಷರ್ ತಗ್ಗಿಸುತ್ತವೆಯಾದ್ದರಿಂದ ಎಲ್ಲವನ್ನೂ ಆಫ್ ಮಾಡಿಬಿಡಿ. ಐಎಸ್‌ಒ ಆಟೋ ಇರಬಾರದು. ಮೊದಲ ಸಲದ ಅಳತೆಗೆ 100 ಇಡಿ.

ನಮ್ಮ ಸೀಮೆಗೆ ಸಂಬಂಧಿಸಿದ ಎರಡು ಮಾತು. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ 40 ಡಿಗ್ರಿ ದಾಟುತ್ತದೆ. ಸೆನ್ಸರ್‌ನಲ್ಲಿ ಬೆಳಕಿಲ್ಲದೆಯೂ ಹುಟ್ಟುವ ಡಾರ್ಕ್ ಕರೆಂಟ್, ಉಷ್ಣತೆ ಸುಮಾರು 6ರಿಂದ 8 ಡಿಗ್ರಿ ಏರಿದಾಗಲೆಲ್ಲ ಇಮ್ಮಡಿಯಾಗುತ್ತದೆ. ಚಿಕ್ಕ ಎಕ್ಸ್‌ಪೋಷರ್‌ಗಳಲ್ಲಿ ಇದರ ಪಾಲು ಹೆಚ್ಚಿಲ್ಲವಾದರೂ, ಬೈಕಿನ ಡಿಕ್ಕಿಯಲ್ಲಿ ಕಾದ ಕ್ಯಾಮೆರಾವನ್ನು ತೆಗೆದು ಅಳೆದರೆ ಅದು ಕ್ಯಾಮೆರಾದ ಅಳತೆಯಾಗದೆ ಬೇಸಿಗೆಯ ಅಳತೆಯಾಗುತ್ತದೆ. ಬೆಳಗಿನ ಹೊತ್ತು, ಕ್ಯಾಮೆರಾವನ್ನು ಅರ್ಧ ಗಂಟೆ ನೆರಳಿನಲ್ಲಿಟ್ಟ ಮೇಲೆ ಶುರುಮಾಡಿ, ಕೋಣೆಯ ಉಷ್ಣತೆಯನ್ನು ಬರೆದಿಟ್ಟುಕೊಳ್ಳಿ. ಎರಡನೆಯದು ಎರೆ ಭೂಮಿಯ ದೂಳು. ಲೆನ್ಸ್ ಬದಲಿಸುವಾಗ ಸೆನ್ಸರ್ ಮೇಲೆ ಕುಳಿತ ದೂಳಿನ ಚುಕ್ಕೆಗಳಿಗೆ ಹೆದರಬೇಕಾಗಿಲ್ಲ. ಅವನ್ನು ಲೆಕ್ಕದಿಂದ ಹೊರಗಿಡುವ ಉಪಾಯ ಮುಂದಿದೆ.

ಬೆಳಕು

ಅಳತೆಯಲ್ಲಿ ನನ್ನನ್ನು ಹೆಚ್ಚು ದಿನ ಕಾಡಿದ್ದು ಬೆಳಕೇ. ಮೊದಲ ಸಲ ಮನೆಯ ಗೋಡೆಗೆ ಎಲ್‌ಇಡಿ ಬಲ್ಬ್ ಹಾಕಿ ರಾತ್ರಿ ಕೂತು ಐವತ್ತು ಚಿತ್ರ ತೆಗೆದೆ. ಶಟರ್ ವೇಗ ಹೆಚ್ಚಿದಂತೆ ನಾಯ್ಸ್‌ನ ಅಂಕಿಗಳು ಕಡಿಮೆಯಾಗುವ ಬದಲು ಕುಣಿಯತೊಡಗಿದವು. ನಮ್ಮ ಕರೆಂಟ್ 50 ಹರ್ಟ್ಜ್‌ನದು. ಅಗ್ಗದ ಬಲ್ಬುಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್‌ನ ಸೀಳು ಸೆನ್ಸರ್ ಮೇಲೆ ಹಾದುಹೋಗುವಾಗ ಈ ಮಿನುಗು ಅಡ್ಡಪಟ್ಟಿಗಳಾಗಿ ಅಚ್ಚಾಗುತ್ತದೆ. ಅದೂ ಪ್ರತಿ ಚಿತ್ರದಲ್ಲಿ ಬೇರೆ ಬೇರೆ ಜಾಗದಲ್ಲಿ. ಸಾಲದ್ದಕ್ಕೆ ವೋಲ್ಟೇಜ್‌ನ ಏರಿಳಿತ ಬೇರೆ. ಆ ರಾತ್ರಿಯ ಐವತ್ತು ಫೈಲ್‌ಗಳನ್ನೂ ಅಳಿಸಿದೆ.

ಈಗ ನಾನು ಬಳಸುವುದು ಉತ್ತರ ದಿಕ್ಕಿನ ಶುಭ್ರ ಆಕಾಶವನ್ನು. ನಮ್ಮಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಮೋಡವಿಲ್ಲದ ಬೆಳಗುಗಳಿಗೆ ಬರವಿಲ್ಲ. ಅಂಗಡಿಯ ಬೋರ್ಡ್ ಮಾಡುವವರ ಬಳಿ ಸಿಗುವ ಹಾಲುಬಿಳುಪಿನ ಅಕ್ರಿಲಿಕ್ ತುಂಡೊಂದನ್ನು ಲೆನ್ಸ್‌ನ ಮೂತಿಗೆ ತಾಗಿಸಿಟ್ಟು, ಫೋಕಸ್ ಅನ್ನು ಮ್ಯಾನುವಲ್‌ಗೆ ತಂದು ಅನಂತಕ್ಕೆ ತಿರುಗಿಸಿದರೆ ಚೌಕಟ್ಟಿನ ತುಂಬ ಯಾವ ಗುರುತೂ ಇಲ್ಲದ ಸಮನಾದ ಬೆಳಕು ಸಿಗುತ್ತದೆ. ಲೆನ್ಸ್‌ನ ಅಂಚುಗಳು ಸ್ವಲ್ಪ ಕಪ್ಪಾಗುವುದು ಸಹಜ; ನಾವು ನಡುವಿನ 200×200 ಪಿಕ್ಸೆಲ್‌ಗಳನ್ನಷ್ಟೇ ಅಳೆಯುವುದರಿಂದ ಚಿಂತೆಯಿಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಅಪರ್ಚರ್ ಎಫ್ 8ರಲ್ಲಿ ನಿಂತಿರಲಿ.

ಬೆಳಕಿನ ಮೆಟ್ಟಿಲುಗಳಿರುವ ಸ್ಟೆಪ್ ವೆಜ್ ಎಂಬ ಫಿಲ್ಮ್ ಪಟ್ಟಿಯನ್ನು ಹಿಂಬದಿಯಿಂದ ಬೆಳಗಿ ಒಂದೇ ಚಿತ್ರದಲ್ಲಿ ಅಳೆಯುವ ಕ್ರಮವೂ ಇದೆ. ಅದರಲ್ಲಿ ಸಾಂದ್ರತೆ 0.3 ಹೆಚ್ಚಿದರೆ ಒಂದು ಸ್ಟಾಪ್ ಕಡಿಮೆಯಾದಂತೆ. ನೋಡಲು ಸುಲಭವೆನಿಸಿದರೂ, ಬೆಳಗಿದ ಮೆಟ್ಟಿಲುಗಳ ಬೆಳಕು ಲೆನ್ಸ್‌ನೊಳಗೆ ಚದುರಿ ಕಪ್ಪು ಮೆಟ್ಟಿಲುಗಳ ಮೇಲೆ ಬೀಳುವುದರಿಂದ, ಕೊನೆಯ ಮೆಟ್ಟಿಲುಗಳಲ್ಲಿ ಅಳೆಯುತ್ತಿರುವುದು ಸೆನ್ಸರನ್ನೋ ಲೆನ್ಸನ್ನೋ ಎಂಬುದು ಗೊತ್ತಾಗದೆ ಹೋಗುತ್ತದೆ. ದುಡ್ಡು ಕೊಟ್ಟು ತರಿಸುವ ಮೊದಲು ಯೋಚಿಸಿ.

ಚಿತ್ರಗಳನ್ನು ತೆಗೆಯುವುದು

ಎಲ್ಲ ಚಿತ್ರಗಳನ್ನೂ ಜೋಡಿಯಾಗಿ ತೆಗೆಯಬೇಕು. ಇದೇ ಈ ಕೆಲಸದ ಕೀಲಿ. ಒಂದೇ ಚಿತ್ರದಲ್ಲಿ ಕಾಣುವ ಏರುಪೇರಿನಲ್ಲಿ ನಿಜವಾದ ನಾಯ್ಸ್ ಜೊತೆಗೆ ದೂಳಿನ ಚುಕ್ಕೆ, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗಿರುವ ಹುಟ್ಟು ವ್ಯತ್ಯಾಸ, ಬೆಳಕಿನ ಓರೆ ಎಲ್ಲವೂ ಸೇರಿಕೊಂಡಿರುತ್ತವೆ. ಒಂದೇ ಬಗೆಯ ಎರಡು ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆದರೆ, ಎರಡರಲ್ಲೂ ಒಂದೇ ಸಮನಾಗಿರುವುದೆಲ್ಲ ಹೊರಟುಹೋಗಿ ಕ್ಷಣಕ್ಷಣಕ್ಕೂ ಬದಲಾಗುವ ನಾಯ್ಸ್ ಮಾತ್ರ ಉಳಿಯುತ್ತದೆ. ಅದು ಎರಡು ಚಿತ್ರಗಳ ನಾಯ್ಸ್ ಕೂಡಿದ್ದಾದ್ದರಿಂದ ಅದರ ಮಾನಕ ವಿಚಲನೆಯನ್ನು (ಸರಾಸರಿಯ ಸುತ್ತ ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆ) 1.414ರಿಂದ ಭಾಗಿಸಬೇಕು. ಎರಡರ ನಡುವೆ ಆಕಾಶದ ಬೆಳಕು ಶೇಕಡಾ ಅರ್ಧದಷ್ಟು ಬದಲಾಗಿದ್ದರೂ ತೊಂದರೆಯಿಲ್ಲ; ಕಳೆದಾಗ ಸರಾಸರಿ ಜರುಗುತ್ತದೆ, ಹರವು ಜರುಗುವುದಿಲ್ಲ.

ಮೊದಲು ಕತ್ತಲೆಯ ಜೋಡಿ. ಲೆನ್ಸ್‌ಗೆ ಮುಚ್ಚಳ ಹಾಕಿ, ಡಿಎಸ್‌ಎಲ್‌ಆರ್ ಆಗಿದ್ದರೆ ವ್ಯೂಫೈಂಡರ್ ಕಂಡಿಯಿಂದಲೂ ಬೆಳಕು ನುಸುಳುವುದರಿಂದ ಇಡೀ ಕ್ಯಾಮೆರಾಕ್ಕೆ ಕಪ್ಪು ಬಟ್ಟೆ ಸುತ್ತಿ, 1/4000ರಲ್ಲಿ ಎರಡು ಚಿತ್ರ. ಆಮೇಲೆ ಮುಚ್ಚಳ ತೆಗೆದು ಅಕ್ರಿಲಿಕ್ ಇಟ್ಟು, ಬೆಳಕಿನ ಜೋಡಿಗಳು. ಚಿತ್ರ ಪೂರ್ತಿ ಬಿಳಿಯಾಗಿ ಸುಟ್ಟುಹೋಗುವಷ್ಟು ಉದ್ದದ ಶಟರ್‌ನಿಂದ ಶುರುಮಾಡಿ, ಒಂದೊಂದೇ ಸ್ಟಾಪ್ ಇಳಿಸುತ್ತ 1/4000ದವರೆಗೆ ಬನ್ನಿ. ಮೇಲ್ತುದಿಯ ಎರಡು ಸ್ಟಾಪ್‌ಗಳಲ್ಲಿ ಮಾತ್ರ ಮೂರನೇ ಒಂದು ಸ್ಟಾಪ್‌ನ ಹೆಜ್ಜೆ ಇಡಿ. ತುಂಬಿ ತುಳುಕುವ ಜಾಗ ಎಲ್ಲಿದೆಯೆಂದು ಸೂಕ್ಷ್ಮವಾಗಿ ಗೊತ್ತಾಗುತ್ತದೆ. ಡಯಲ್ ಮೇಲೆ 1/15, 1/30, 1/60, 1/125 ಎಂದು ಬರೆದಿದ್ದರೂ ಕ್ಯಾಮೆರಾ ಕೊಡಬೇಕಾದದ್ದು 1/16, 1/32, 1/64, 1/128. ನಾವು ಲೆಕ್ಕಕ್ಕೆ ಹಿಡಿಯುವುದು ಡಯಲಿನ ಅಂಕಿಯನ್ನಲ್ಲ, ಫೈಲಿನಲ್ಲಿ ಅಳೆದ ಸರಾಸರಿಯನ್ನು. ಹಾಗಾಗಿ ಶಟರ್ ಸ್ವಲ್ಪ ಸುಳ್ಳು ಹೇಳಿದರೂ ನಡೆಯುತ್ತದೆ. ಕ್ಯಾಮೆರಾದ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಮ್ (ಯಾವ ಬೆಳಕಿನ ಮಟ್ಟದಲ್ಲಿ ಎಷ್ಟು ಪಿಕ್ಸೆಲ್ ಎಂದು ತೋರಿಸುವ ನಕ್ಷೆ) ಜೆಪೆಗ್‌ನದು. ಅದು ಸುಟ್ಟಿದೆ ಎಂದಾಗಲೂ ರಾ ಫೈಲಿನಲ್ಲಿ ಇನ್ನೂ ಜಾಗವಿರುವುದುಂಟು, ಆದ್ದರಿಂದ ಅದನ್ನು ನೋಡಿ ಬೇಗ ನಿಲ್ಲಿಸಬೇಡಿ.

ಫೈಲುಗಳಿಂದ ಅಂಕಿಗಳನ್ನು ತೆಗೆಯುವುದು

ಲೈಟ್‌ರೂಮ್‌ನಂತಹ ತಂತ್ರಾಂಶ ಇಲ್ಲಿ ಕೆಲಸಕ್ಕೆ ಬಾರದು. ಅದು ರಾ ಫೈಲನ್ನು ತೆರೆಯುವಾಗಲೇ ಬಣ್ಣ ತುಂಬಿ ಬಾಗಿಸಿಬಿಟ್ಟಿರುತ್ತದೆ. ಸೆನ್ಸರ್ ಬರೆದ ಅಂಕಿಗಳನ್ನು ಹಾಗೆಯೇ ತೋರಿಸುವ ರಾಡಿಗ್ಗರ್ ಅತ್ಯಂತ ಸರಳ. ಪ್ರೋಗ್ರಾಮಿಂಗ್ ಬಲ್ಲವರು ಪೈಥಾನ್‌ನ ರಾಪೈ ಮತ್ತು ನಂಪೈ ಬಳಸಿದರೆ ಇಡೀ ಕೆಲಸ ಇಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ. ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಗಳು ಚದುರಂಗದ ಮನೆಗಳಂತೆ ಹರಡಿವೆ, ಪ್ರತಿ ನಾಲ್ಕು ಮನೆಗೆ ಎರಡು ಹಸಿರು; ಆ ಎರಡು ಹಸಿರುಗಳಲ್ಲಿ ಒಂದನ್ನು ಮಾತ್ರ ಹಿಡಿದು ಕೊನೆಯವರೆಗೂ ಅದನ್ನೇ ಅಳೆಯಿರಿ, ಮೂರೂ ಬಣ್ಣಗಳನ್ನು ಕಲಸಬೇಡಿ.

ಕತ್ತಲೆಯ ಚಿತ್ರದ ಸರಾಸರಿ ಸೊನ್ನೆಯಿರುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳು 512 ಅಥವಾ 2048ರಂತಹ ಒಂದು ಅಂಕಿಯನ್ನು ಕಪ್ಪುಮಟ್ಟವಾಗಿ ಇಟ್ಟುಕೊಂಡಿರುತ್ತವೆ. ಎಲ್ಲ ಅಳತೆಗಳಿಂದಲೂ ಅದನ್ನು ಕಳೆಯಬೇಕು. ಕೆಲವು ಹಳೆಯ ಕ್ಯಾಮೆರಾಗಳು ಕಪ್ಪುಮಟ್ಟವನ್ನು ತಾವೇ ಕಳೆದು ಸೊನ್ನೆಯಲ್ಲಿ ಕತ್ತರಿಸಿರುತ್ತವೆ. ಕತ್ತಲೆಯ ಚಿತ್ರದ ಹಿಸ್ಟೋಗ್ರಾಮ್ ಪೂರ್ತಿ ಗಂಟೆಯಾಕಾರದಲ್ಲಿರದೆ ಅರ್ಧಕ್ಕೆ ಕುಯ್ದಂತೆ ಕಂಡರೆ, ಅಲ್ಲಿ ಸಿಗುವ ರೀಡ್ ನಾಯ್ಸ್ ನಿಜಕ್ಕಿಂತ ಕಡಿಮೆಯದು. ಆ ಅಂಕಿಯನ್ನು ನಂಬಬೇಡಿ.

ಈಗ ಲೆಕ್ಕ. ಕೈಹಿಡಿದು ನಡೆಸಲು ಒಂದು ಕಾಲ್ಪನಿಕ 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಇಟ್ಟುಕೊಳ್ಳೋಣ. ಕಪ್ಪುಮಟ್ಟ 512. ಸುಟ್ಟುಹೋದ ಚಿತ್ರದಲ್ಲಿ ಎಲ್ಲ ಪಿಕ್ಸೆಲ್‌ಗಳೂ 16,200ಕ್ಕೆ ಬಂದು ನಿಂತಿವೆ. 14 ಬಿಟ್‌ನ ಗರಿಷ್ಠ 16,383 ಇದ್ದರೂ ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ. ಕಳೆದರೆ ಉಳಿಯುವುದು 15,688 ಮಾನ. ಇನ್ನು ನಡುವಿನ ಒಂದು ಬೆಳಕಿನ ಜೋಡಿ: ಕಪ್ಪುಮಟ್ಟ ಕಳೆದ ಸರಾಸರಿ 4,000, ಎರಡು ಚಿತ್ರಗಳ ವ್ಯತ್ಯಾಸದ ಮಾನಕ ವಿಚಲನೆ 50. ಇದರ ವರ್ಗ 2,500. ಅರ್ಧ ಮಾಡಿದರೆ 1,250. ಇದೇ ಒಂದು ಚಿತ್ರದ ನಾಯ್ಸ್‌ನ ವರ್ಗ. ಬೆಳಕಿನ ನಾಯ್ಸ್‌ನ ವರ್ಗ ಎಲೆಕ್ಟ್ರಾನುಗಳ ಎಣಿಕೆಗೆ ಸಮ ಎಂಬ ನಿಯಮ ಇಲ್ಲಿ ನೆರವಿಗೆ ಬರುತ್ತದೆ: 4,000ವನ್ನು 1,250ರಿಂದ ಭಾಗಿಸಿದರೆ ಬರುವ 3.2 ಎಂಬುದು ಫೈಲಿನ ಒಂದು ಮಾನಕ್ಕೆ ಎಷ್ಟು ಎಲೆಕ್ಟ್ರಾನು ಎಂದು ಹೇಳುತ್ತದೆ. ಕ್ಯಾಮೆರಾದ ಒಂದು ತಿರುಪನ್ನೂ ಬಿಚ್ಚದೆ ಅದರೊಳಗಿನ ಎಲೆಕ್ಟ್ರಾನುಗಳನ್ನು ಎಣಿಸಿದಂತಾಯಿತು. ಈ ಹಂತಕ್ಕೆ ಬಂದಾಗಲೆಲ್ಲ ನನಗೆ ಈಗಲೂ ಬೆರಗು.

ಒಂದೇ ಜೋಡಿಯನ್ನು ನೆಚ್ಚಿಕೊಳ್ಳದೆ, ಎಲ್ಲ ಜೋಡಿಗಳ ಸರಾಸರಿಯನ್ನು ಅಡ್ಡಕ್ಕೂ ನಾಯ್ಸ್‌ನ ವರ್ಗವನ್ನು ಉದ್ದಕ್ಕೂ ಇಟ್ಟು ಗ್ರಾಫ್ ಬರೆಯಿರಿ. ಚುಕ್ಕೆಗಳು ಸರಳರೇಖೆಯಲ್ಲಿ ಕೂರಬೇಕು. ಮೇಲ್ತುದಿಯಲ್ಲಿ ಒಮ್ಮೆಲೇ ಕೆಳಕ್ಕೆ ಬಿದ್ದರೆ ಅಲ್ಲಿ ಪಿಕ್ಸೆಲ್‌ಗಳು ತುಂಬಿವೆ ಎಂದರ್ಥ. ಬೀಳುವುದಕ್ಕೆ ಹಿಂದಿನ ಚುಕ್ಕೆಯೇ ನಿಜವಾದ ಮೇಲಿನ ಎಲ್ಲೆ. ನಡುವೆ ಎಲ್ಲಾದರೂ ಚೆಲ್ಲಾಪಿಲ್ಲಿಯಾಗಿದ್ದರೆ ಬೆಳಕು ಮಿನುಗಿದೆ ಅಥವಾ ಮೋಡ ಹಾದಿದೆ. ಮತ್ತೆ ತೆಗೆಯುವುದೇ ಮದ್ದು.

ಕತ್ತಲೆಯ ಜೋಡಿಯ ವ್ಯತ್ಯಾಸದ ಮಾನಕ ವಿಚಲನೆ 1.33 ಎಂದಿಟ್ಟುಕೊಂಡರೆ, 1.414ರಿಂದ ಭಾಗಿಸಿ 0.94, ಅದನ್ನು 3.2ರಿಂದ ಗುಣಿಸಿ 3 ಎಲೆಕ್ಟ್ರಾನು. ಇದು ರೀಡ್ ನಾಯ್ಸ್. ಗುಂಡಿಯ ತುಂಬುವಿಕೆ 15,688 × 3.2, ಅಂದರೆ ಸುಮಾರು 50,200 ಎಲೆಕ್ಟ್ರಾನು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 16,733. ಇದು 2ರ 14ನೆಯ ಘಾತಕ್ಕೆ ಹತ್ತಿರ. ಹೀಗೆ ಹದಿನಾಲ್ಕು ಸ್ಟಾಪ್ ಬಂತು.

ರಾ ಫೈಲನ್ನೂ ಒಳಗೊಳಗೇ ಒರೆಸಿ ಕೊಡುವ ಕ್ಯಾಮೆರಾಗಳಿವೆ. ಅದನ್ನು ಹಿಡಿಯಲು ಒಂದು ಸಣ್ಣ ಪರೀಕ್ಷೆ: ಕತ್ತಲೆಯ ವ್ಯತ್ಯಾಸ ಚಿತ್ರದಲ್ಲಿ ಒಂದೇ ಬಣ್ಣದ ಅಕ್ಕಪಕ್ಕದ ನಾಲ್ಕು ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಮಾನಕ ವಿಚಲನೆ ಸರಿಯಾಗಿ ಅರ್ಧಕ್ಕಿಳಿಯಬೇಕು. ಅಷ್ಟು ಇಳಿಯದಿದ್ದರೆ ಪಿಕ್ಸೆಲ್‌ಗಳನ್ನು ಮೊದಲೇ ಒಂದಕ್ಕೊಂದು ಬೆರೆಸಲಾಗಿದೆ.

ಹೊಸ್ತಿಲನ್ನು ಕಣ್ಣಿನಿಂದಲೇ ಗೊತ್ತುಮಾಡಬೇಕು

ಸಿಗ್ನಲ್ ನಾಯ್ಸ್‌ಗಿಂತ ಎಷ್ಟು ಪಟ್ಟಿರಬೇಕೆಂದು ಪುಸ್ತಕದಿಂದ ತೆಗೆದುಕೊಳ್ಳುವ ಬದಲು ನಾನು ಹೀಗೆ ಮಾಡಿದೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ನೇಯ್ಗೆಯ ಜೊತೆಗೆ ಕೂದಲಿನ ವ್ಯಾಪಾರವೂ ಇದೆ. ಅಲ್ಲಿಂದ ತಂದ ಕಪ್ಪು ಕೂದಲಿನ ಒಂದು ಜಡೆಗಾತ್ರದ ಕಟ್ಟನ್ನೂ ಕಿನ್ನಾಳದ ಬಣ್ಣದ ಗೊಂಬೆಯೊಂದನ್ನೂ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟೆ. ಎಳೆ ಎಳೆಯಾಗಿ ಕಾಣಬೇಕಾದ ಕಪ್ಪಿಗೆ ಕೂದಲಿಗಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ಗೊಂಬೆಯ ಕಣ್ಣಿನ ಬಿಳಿ ಮೇಲಿನ ಎಲ್ಲೆಯನ್ನು ಕಾಯುತ್ತದೆ. ಸರಿಯಾದ ಎಕ್ಸ್‌ಪೋಷರ್‌ನಲ್ಲಿ ಒಂದು, ಆಮೇಲೆ ಒಂದೊಂದು ಸ್ಟಾಪ್ ಕಡಿಮೆ ಮಾಡುತ್ತ ಆರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅಷ್ಟಷ್ಟೇ ಸ್ಟಾಪ್ ಎತ್ತಿ, ಏಳನ್ನೂ ಪಟ್ಟಿಗಳಾಗಿ ಜೋಡಿಸಿ, ಮದುವೆ ಆಲ್ಬಮ್ ಅಚ್ಚು ಹಾಕಿಸುವಲ್ಲಿಯೇ ಅದೇ ಕಾಗದದ ಮೇಲೆ ಹಾಕಿಸಿದೆ. ಆಲ್ಬಮ್ ಹಿಡಿಯುವ ದೂರದಲ್ಲಿ ಹಿಡಿದು ನೋಡಿದಾಗ ಮೂರು ಸ್ಟಾಪ್ ಎತ್ತಿದ್ದರಲ್ಲಿ ಕೂದಲಿನ ಹೊಳಪು ಉಳಿದಿತ್ತು. ನಾಲ್ಕರಲ್ಲಿ ಎಳೆಗಳು ಮರಳಿನಂತೆ ಒಡೆದಿದ್ದವು. ಆ ನಾಲ್ಕು ಮತ್ತು ಮೂರರ ಗಡಿಯಲ್ಲಿ, ಕೂದಲಿನ ಜಾಗದ ಸರಾಸರಿಯನ್ನು ರಾ ಫೈಲಿನಲ್ಲಿ ಅಳೆದು, ಮೇಲಿನ ಲೆಕ್ಕದಿಂದ ಎಲೆಕ್ಟ್ರಾನುಗಳಿಗೆ ಬದಲಿಸಿ, ಅದಕ್ಕೆ ತಕ್ಕ ನಾಯ್ಸ್‌ನಿಂದ ಭಾಗಿಸಿದರೆ ಹೊಸ್ತಿಲು ಸಿಗುತ್ತದೆ. ನನ್ನ ಕಣ್ಣಿಗೆ ಅದು 10ರ ಆಸುಪಾಸಿನಲ್ಲಿ ನಿಂತಿತು. ನಿಮ್ಮದು ಬೇರೆಯಿರಬಹುದು, ಇರಲಿ.

ಹೊಸ್ತಿಲು ಗೊತ್ತಾದ ಮೇಲೆ ಅದಕ್ಕೆ ಬೇಕಾದ ಕನಿಷ್ಠ ಎಲೆಕ್ಟ್ರಾನುಗಳನ್ನು ಕಂಡುಹಿಡಿಯಬೇಕು. ಎಲೆಕ್ಟ್ರಾನುಗಳ ಎಣಿಕೆಗೆ ರೀಡ್ ನಾಯ್ಸ್‌ನ ವರ್ಗವನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ನಾಯ್ಸ್. ಎಣಿಕೆಯನ್ನು ಅದರಿಂದ ಭಾಗಿಸಿದಾಗ ಹೊಸ್ತಿಲಿನ ಅಂಕಿ ಬರಬೇಕು. ಬೀಜಗಣಿತ ಬೇಡವೆನ್ನುವವರು ಎಕ್ಸೆಲ್ ಹಾಳೆಯಲ್ಲಿ 1ರಿಂದ 500ರವರೆಗೆ ಎಣಿಕೆ ಬರೆದು ಎದುರಿಗೆ ಈ ಅನುಪಾತ ಹಾಕಿಕೊಂಡು ಕಣ್ಣಾಡಿಸಿದರೆ ಸಾಕು. ನಮ್ಮ ಉದಾಹರಣೆಯ ಕ್ಯಾಮೆರಾದಲ್ಲಿ ಹೊಸ್ತಿಲು 1 ಇದ್ದರೆ 3.5 ಎಲೆಕ್ಟ್ರಾನು ಸಾಕು, ರೇಂಜ್ 13.8 ಸ್ಟಾಪ್, 4 ಇದ್ದರೆ 22 ಎಲೆಕ್ಟ್ರಾನು, 11.1 ಸ್ಟಾಪ್, 10 ಇದ್ದರೆ 108 ಎಲೆಕ್ಟ್ರಾನು, 8.9 ಸ್ಟಾಪ್, 20 ಇದ್ದರೆ 409 ಎಲೆಕ್ಟ್ರಾನು, 6.9 ಸ್ಟಾಪ್. ಕ್ಯಾಮೆರಾ ಒಂದೇ, ಸೆನ್ಸರ್ ಒಂದೇ. ಹದಿನಾಲ್ಕು ಎಂದವನೂ ಏಳು ಎಂದವನೂ ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ.

ಇದು ಒಂದೊಂದು ಪಿಕ್ಸೆಲ್‌ನ ಲೆಕ್ಕ. ಚಿತ್ರವನ್ನು ಚಿಕ್ಕದಾಗಿಸಿದಾಗ ಹಲವು ಪಿಕ್ಸೆಲ್‌ಗಳು ಕೂಡಿ ಒಂದಾಗುವುದರಿಂದ ನಾಯ್ಸ್ ತಗ್ಗುತ್ತದೆ. 4×6 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆಯಂತೆ 21.6 ಲಕ್ಷ ಪಿಕ್ಸೆಲ್ ಸಾಕು; 24 ಮೆಗಾಪಿಕ್ಸೆಲ್‌ನ ಹನ್ನೊಂದು ಪಿಕ್ಸೆಲ್‌ಗಳು ಅಲ್ಲಿ ಒಂದಾಗುತ್ತವೆ, ಅನುಪಾತ 3.33 ಪಟ್ಟು ಸುಧಾರಿಸುತ್ತದೆ. ಹಾಗಾಗಿ ಪ್ರಿಂಟ್‌ನಲ್ಲಿ 10 ಬೇಕಾದರೆ ಪಿಕ್ಸೆಲ್‌ನಲ್ಲಿ 3 ಇದ್ದರೆ ನಡೆಯುತ್ತದೆ, ರೇಂಜ್ 8.9ರಿಂದ 11.8 ಸ್ಟಾಪ್‌ಗೆ ಏರುತ್ತದೆ. ನಮ್ಮ ಮದುವೆ ಆಲ್ಬಮ್‌ನ 12×18 ಇಂಚಿನ ಪುಟಕ್ಕೆ 194 ಲಕ್ಷ ಪಿಕ್ಸೆಲ್ ಬೇಕಾಗುವುದರಿಂದ ಅಲ್ಲಿ ಈ ರಿಯಾಯಿತಿ ಇಲ್ಲವೆನ್ನುವಷ್ಟು ಕಡಿಮೆ: 9.1 ಸ್ಟಾಪ್. ಮೊಬೈಲ್ ಪರದೆಯಲ್ಲಿ ಚೆನ್ನಾಗಿ ಕಂಡ ನೆರಳು ಆಲ್ಬಮ್‌ನಲ್ಲಿ ಕೆಡುವುದರ ಗುಟ್ಟು ಇದೇ.

ಕಳೆದುಹೋದ ಗೆರೆಗಳು

ಇಟಗಿಯಲ್ಲಿ ನನ್ನ ಚಿತ್ರವನ್ನು ಕೆಡಿಸಿದ ಗೆರೆಗಳು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಬರುವಂತೆಯೂ ಇಲ್ಲ. ಜೋಡಿ ಚಿತ್ರಗಳನ್ನು ಕಳೆದಾಗ ದೂಳಿನ ಜೊತೆಗೆ, ಎರಡರಲ್ಲೂ ಒಂದೇ ಜಾಗದಲ್ಲಿರುವ ಗೆರೆಗಳೂ ಮಾಯವಾಗುತ್ತವೆ. ಅಂದರೆ ಹದಿನಾಲ್ಕು ಸ್ಟಾಪ್ ಎಂಬ ಅಂಕಿಯನ್ನು ಕೊಡುವ ಕ್ರಮವೇ ಅವುಗಳನ್ನು ಒರೆಸಿಹಾಕಿರುತ್ತದೆ. ಕಣ್ಣಾದರೋ ಚದುರಿದ ಚುಕ್ಕೆಗಳನ್ನು ಎಷ್ಟೋ ಸಹಿಸುತ್ತದೆ, ಸಾಲು ಕಟ್ಟಿದ ಗೆರೆಯನ್ನು ತಕ್ಷಣ ಹಿಡಿಯುತ್ತದೆ; ಚಿತ್ರ ಚಿಕ್ಕದಾಗಿಸಿದರೂ ಗೆರೆ ಅಷ್ಟು ಸುಲಭವಾಗಿ ಅಡಗುವುದಿಲ್ಲ.

ಆದ್ದರಿಂದ ಗೆರೆಗಳನ್ನು ಬೇರೆಯಾಗಿ ಅಳೆಯಬೇಕು. ಒಂದೇ ಒಂದು ಕತ್ತಲೆಯ ಚಿತ್ರವನ್ನು ತೆಗೆದುಕೊಂಡು, ಒಂದೊಂದು ಕಂಬಸಾಲಿನ ಎಲ್ಲ ಪಿಕ್ಸೆಲ್‌ಗಳ ಸರಾಸರಿ ತೆಗೆಯಿರಿ. 4,000 ಪಿಕ್ಸೆಲ್ ಎತ್ತರದ ಸಾಲಾದರೆ, ನಾಯ್ಸ್ ಬರೀ ಯಾದೃಚ್ಛಿಕವಾಗಿದ್ದ ಪಕ್ಷದಲ್ಲಿ ಈ ಸರಾಸರಿಗಳ ಮಾನಕ ವಿಚಲನೆ 0.94ನ್ನು 4,000ದ ವರ್ಗಮೂಲವಾದ 63ರಿಂದ ಭಾಗಿಸಿದಷ್ಟು, ಅಂದರೆ 0.015 ಇರಬೇಕು. ಸೆನ್ಸರ್‌ನ ಸಾಲುಗಳಲ್ಲಿ ಎರಡೆರಡು ಬಣ್ಣ ಬೆರೆತಿರುವುದರಿಂದ ಬಣ್ಣ ಬಣ್ಣಕ್ಕೂ ಬೇರೆ ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು; ಆಗ 4,000ದ ಜಾಗದಲ್ಲಿ 2,000 ಹಾಕಿಕೊಳ್ಳಬೇಕು. ಬಂದದ್ದು ನಿರೀಕ್ಷೆಯ ಎರಡು ಮೂರು ಪಟ್ಟಿದ್ದರೆ ಸರಿ. ಹತ್ತಿಪ್ಪತ್ತು ಪಟ್ಟಾಗಿದ್ದರೆ ನೆರಳೆತ್ತಿದಾಗ ಗೆರೆಗಳು ಕಂಡೇ ಕಾಣುತ್ತವೆ. ಹೀಗೆಯೇ ಅಡ್ಡಸಾಲುಗಳಿಗೂ. ಗೆರೆಗಳು ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿದ್ದರೆ ಹದಿನಾರು ಕತ್ತಲೆಯ ಚಿತ್ರಗಳ ಸರಾಸರಿಯನ್ನು ಕಳೆದು ತೆಗೆಯಬಹುದು. ಪ್ರತಿ ಸಲ ಜಾಗ ಬದಲಿಸುತ್ತಿದ್ದರೆ ಉಪಾಯವಿಲ್ಲ, ನಿಮ್ಮ ಬಳಕೆಯ ರೇಂಜ್‌ನಿಂದ ಒಂದು ಸ್ಟಾಪ್ ಕಳೆದುಬಿಡಿ.

ಬೇರೆ ಐಎಸ್‌ಒಗಳಿಗೆ ಇಡೀ ಸರಣಿಯನ್ನು ಮತ್ತೆ ತೆಗೆಯಬೇಕಿಲ್ಲ. ಪ್ರತಿ ಐಎಸ್‌ಒಗೂ ಒಂದು ಕತ್ತಲೆಯ ಜೋಡಿ, ಒಂದು ನಡುಬೆಳಕಿನ ಜೋಡಿ, ಒಂದು ಸುಟ್ಟ ಚಿತ್ರ ಸಾಕು. ಐಎಸ್‌ಒ ಇಮ್ಮಡಿಸಿದಾಗಲೆಲ್ಲ ಮೇಲಿನ ಎಲ್ಲೆ ಅರ್ಧವಾಗುತ್ತದೆ. ಎರಡು ಮಟ್ಟದ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇರುವ ಸೆನ್ಸರ್‌ಗಳಲ್ಲಿ ಒಂದು ಐಎಸ್‌ಒ ದಾಟಿದ ಕೂಡಲೇ ರೀಡ್ ನಾಯ್ಸ್ ಥಟ್ಟನೆ ಇಳಿಯುತ್ತದೆ; ಆ ಐಎಸ್‌ಒ ಯಾವುದೆಂದು ಗೊತ್ತಿದ್ದರೆ ಮದುವೆ ಮಂಟಪದ ಮಂದ ಬೆಳಕಿನಲ್ಲಿ ಅದನ್ನೇ ಇಟ್ಟುಕೊಳ್ಳಬಹುದು.

ಅಂಕಿಯನ್ನು ಕೆಲಸಕ್ಕೆ ಹಚ್ಚುವುದು

ಇನ್ನು ಇದೇ 8.9 ಸ್ಟಾಪ್‌ನ ಅಂಕಿಯನ್ನು ಹಿಡಿದು ಇಟಗಿಗೆ ಹೋದರೆ ಏನಾಗುತ್ತದೆಂದು ನೋಡೋಣ. ಮೀಟರ್ ತೋರಿಸುವ ಮಧ್ಯಮ ಬೆಳಕು ಸೆನ್ಸರ್‌ನ ಮೇಲಿನ ಎಲ್ಲೆಗಿಂತ ಸುಮಾರು 3 ಸ್ಟಾಪ್ ಕೆಳಗಿರುತ್ತದೆ. ಅಂಗಳದ ಬಿಸಿಲಿಗೆ ಎಕ್ಸ್‌ಪೋಷರ್ ಕೊಟ್ಟರೆ, ಅದಕ್ಕಿಂತ 10.6 ಸ್ಟಾಪ್ ಕೆಳಗಿರುವ ಗರ್ಭಗುಡಿಯ ಮಧ್ಯಮ ಬೆಳಕು ಮೇಲಿನ ಎಲ್ಲೆಯಿಂದ 13.6 ಸ್ಟಾಪ್ ಕೆಳಕ್ಕೆ ಹೋಗಿ ಕೂರುತ್ತದೆ. ಎಂಜಿನಿಯರುಗಳ ಹದಿನಾಲ್ಕರೊಳಗೆ ಅದು ಇದೆ, ನನ್ನ ಒಂಬತ್ತರೊಳಗೆ ಇಲ್ಲ. ಒಂದೇ ಚಿತ್ರದಲ್ಲಿ ಎರಡನ್ನೂ ಹಿಡಿಯುವ ಆಸೆಯನ್ನು ಇಲ್ಲಿಗೇ ಬಿಡಬೇಕು. ಒಳಗಿನ ಮಧ್ಯಮ ಬೆಳಕನ್ನು 6 ಸ್ಟಾಪ್ ಕೆಳಗಿನ ಮಟ್ಟಕ್ಕೆ ತಂದರೆ ಅದರ ನೆರಳುಗಳೂ ಒಂಬತ್ತರೊಳಗೆ ಬರುತ್ತವೆ. ಅದಕ್ಕೆ ಏಳೂವರೆ ಸ್ಟಾಪ್ ಹೆಚ್ಚು ಬೆಳಕು ಬೇಕು. ಎರಡೇ ಚಿತ್ರಗಳಲ್ಲಿ ಮುಗಿಸಿದರೆ ಒಂದಕ್ಕೊಂದು ಬೆಸೆಯುವ ಜಾಗ ಒಂದೂವರೆ ಸ್ಟಾಪ್ ಕೂಡ ಉಳಿಯುವುದಿಲ್ಲವಾದ್ದರಿಂದ ಮೂರು ತೆಗೆಯುವುದು ಲೇಸು, ಒಂದೊಂದರ ನಡುವೆ ನಾಲ್ಕು ಸ್ಟಾಪ್: ಎಫ್ 8ರಲ್ಲಿ 1/400, 1/25 ಮತ್ತು 0.6 ಸೆಕೆಂಡ್. ಕೊನೆಯದಕ್ಕೆ ಟ್ರೈಪಾಡ್ ಇಲ್ಲದೆ ಆಗದು. ಸಂರಕ್ಷಿತ ಸ್ಮಾರಕದಲ್ಲಿ ಅದನ್ನು ನಿಲ್ಲಿಸಲು ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿಯನ್ನು ಹೋಗುವ ಮುಂಚೆಯೇ ಪಡೆದಿರಬೇಕು.